ಸಾಲಿ ಉಡಿ

ಕಳೆದ ತಿಂಗಳು ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮಹಡಿಯವರು ಗೃಹಪ್ರವೇಶ ಮಾಡಿದರು. ಬೀದರ ಕಡೆಯ ಜನ. ನಾನು ಹೊರಡುವಾಗ ಮಣೆ ಹಾಕಿ ಕೂರಿಸಿ ಉಡಿ ತುಂಬಿದರು. ಸೆರಗಿನ ಗಂಟು ಅವಚಿಕೊಂಡು ಲಿಫ್ಟಿನಲ್ಲಿ ಇಳಿಯುತ್ತಿದ್ದಾಗ ಅದರ ವಾಸನೆ ಮೂಗಿಗೆ ಬಂತು. ಗಂಜಿ ಬಿಡದ ಹೊಸ ರವಿಕೆ ಖಣ, ಒಣಕೊಬ್ಬರಿ, ಅರಿಶಿಣದ ಕೊಂಬು, ಅಕ್ಕಿ... ಎಲ್ಲ ಕೂಡಿದಾಗ ಮಾತ್ರ ಹುಟ್ಟುವ ವಾಸನೆ ಅದು. ನಮ್ಮ ಮಹಡಿ ಬಂತು, ಬಾಗಿಲು ತೆರೆದು ಮತ್ತೆ ಮುಚ್ಚಿತು. ನಾನು ಇಳಿಯಲಿಲ್ಲ. ಕಾಕು ನೆನಪಾಗಿದ್ದರು.

ಕಾಕು ಎಂದರೆ ಚಿಕ್ಕಮ್ಮ, ಆದರೆ ಅವರು ನಮಗೆ ಸಂಬಂಧಿಕರೇನಲ್ಲ. ಇದೇ ಊರಿನ ಹಳೆಯ ಪೇಟೆ ಕೋಠಿಯ ಹಿಂದಿನ ಗಲ್ಲಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗಿನ ಭಾಗದಲ್ಲಿ ಅವರಿದ್ದರು. ಗುಲ್ಬರ್ಗಾ ಕಡೆಯಿಂದ ಈ ತೆಲುಗು ಸೀಮೆಗೆ ಮದುವೆಯಾಗಿ ಬಂದವರು. ಅವರ ಯಜಮಾನರು, ನಮ್ಮೆಲ್ಲರ ಕಾಕಾ, ಸರ್ಕಾರಿ ಲೆಕ್ಕದ ಆಫೀಸಿನಿಂದ ನಿವೃತ್ತರಾಗಿದ್ದರು. ಪಿಂಚಣಿ ಬರುತ್ತಿತ್ತು, ಮನೆಯಲ್ಲಿ ಇಬ್ಬರೇ. ಆದರೂ ಒಂದು ಫ್ರಿಜ್ ಇರಲಿಲ್ಲ. ಯಾರಾದರೂ ಕೇಳಿದರೆ ಕಾಕಾ ನಗದೆ ಹೇಳುತ್ತಿದ್ದರು:

"ನಮ್ಮ ಫ್ರಿಜ್ ಈಗ ಎಂಟನೇ ಕ್ಲಾಸ್ ಓದಾಕತ್ತದ. ಪಾಸಾದ ಮ್ಯಾಲೆ ಮನಿಗೆ ಬರ್ತದ."

ಕೇಳಿದವರಿಗೆ ಅರ್ಥವಾಗುತ್ತಿರಲಿಲ್ಲ. ಗಲ್ಲಿಯ ಹೆಂಗಸರಿಗೆ ಅರ್ಥವಾಗುತ್ತಿತ್ತು, ಅವರು ಬಾಯಿ ಬಿಡುತ್ತಿರಲಿಲ್ಲ.

ಸಂಗತಿ ಹೀಗೆ. ಜೂನ್ ತಿಂಗಳು, ಶಾಲೆ ಶುರುವಾಗುವ ಮೊದಲ ವಾರ, ಕಾಕು ಕೆಲವು ಮನೆಯ ತಾಯಂದಿರನ್ನು ಅರಿಶಿಣ ಕುಂಕುಮಕ್ಕೆ ಕರೆಯುತ್ತಿದ್ದರು. ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಿದ್ದರು. ಮೈಸೂರು ಕಡೆಯವರು ಮಡಿಲು ತುಂಬುವುದು ಎನ್ನುತ್ತಾರಲ್ಲ, ಅದೇ. ಸೆರಗಿಗೆ ಬೊಗಸೆ ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲ್ಲದರ ಮೇಲೆ ಮಡಚಿದ ಖಣ. ತುಂಬುವಾಗ ಒಂದೇ ಮಾತು: "ಮಗಳ ಸಾಲಿ ಸುಸೂತ್ರ ನಡೀಲಿ." ಉಡಿಯನ್ನು ಕೊಟ್ಟವರ ಮನೆಯಲ್ಲಿ ಯಾರೂ ಬಿಚ್ಚುವುದಿಲ್ಲ. ಬೇಡ ಎನ್ನುವುದಿಲ್ಲ, ಅದಕ್ಕೆ ಯಾರೂ ಥ್ಯಾಂಕ್ಸ್ ಹೇಳುವುದೂ ಇಲ್ಲ. ಮನೆಗೆ ಹೋಗಿ ದೇವರ ಮುಂದೆ ಬಿಚ್ಚಿದರೆ ಖಣದ ಮಡಿಕೆಯೊಳಗೆ ಆ ವರ್ಷದ ಫೀಸು ಇರುತ್ತಿತ್ತು. ಕೊಟ್ಟವರೂ ಆ ಮಾತು ಎತ್ತುತ್ತಿರಲಿಲ್ಲ, ತೆಗೆದುಕೊಂಡವರೂ ಎತ್ತುತ್ತಿರಲಿಲ್ಲ. ಗಲ್ಲಿಯಲ್ಲಿ ಅದಕ್ಕೆ ಸಾಲಿ ಉಡಿ ಎಂದೇ ಹೆಸರು ಬಿದ್ದಿತ್ತು.

ನಾನು ಅಮೀರ್‌ಪೇಟಿನಲ್ಲಿ ಕಂಪ್ಯೂಟರ್ ಕಲಿತದ್ದು ಆ ಉಡಿಯಿಂದಲೇ. ಅಪ್ಪನ ಕೆಲಸ ಹೋಗಿದ್ದ ವರ್ಷ ಅದು. ಅಮ್ಮ ಕೆಳಗಿನಿಂದ ಸೆರಗು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದದ್ದು, ದೇವರ ಕೋಣೆಯಲ್ಲಿ ಬಹಳ ಹೊತ್ತು ಕುಳಿತೇ ಇದ್ದದ್ದು... ನನಗೆ ಗೊತ್ತು. ಮರುದಿನ ಕಾಕು ಮಾತ್ರ ಎಂದಿನಂತೆ ಬಾಗಿಲಲ್ಲೇ ತಡೆದರು. "ಏನವಾ, ಕಂಪ್ಯೂಟರ್ ಕಲ್ಯಾಕ ಹೊಂಟಿ. ಚಹಾ ಸೋಸಾಕ ಬರ್ತದೇನ ನಿನಗ?"

ಹೀಗೇಕೆ ಮುಚ್ಚಿ ಕೊಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಅಕ್ಕಿ ಹಸನು ಮಾಡುತ್ತ, ಮೊರದಿಂದ ಕಣ್ಣೆತ್ತದೆ ಹೇಳಿದರು. ಅವರು ಏಳನೆಯ ತರಗತಿಯಲ್ಲಿ ಶಾಲೆಗೇ ಮೊದಲು ಬಂದಿದ್ದರಂತೆ. ಊರಿನ ವ್ಯಾಪಾರಸ್ಥರು ಕೂಡಿ ಒಂದು ವಿದ್ಯಾರ್ಥಿವೇತನ ಇಟ್ಟಿದ್ದರಂತೆ. ಕೊಡುವುದು ವೇದಿಕೆಯ ಮೇಲೆ, 'ಬಡ ವಿದ್ಯಾರ್ಥಿಗಳು' ಎಂದು ಹೆಸರು ಕೂಗಿ. ಅವರ ತಂದೆ ಸಭೆಗೆ ಕಳಿಸಲಿಲ್ಲ. ಶಾಲೆ ಅಲ್ಲಿಗೆ ನಿಂತಿತು, ಮದುವೆಯಾಯಿತು.

"ಅವರು ಕೊಟ್ಟದ್ದು ತಪ್ಪಲ್ಲ ಬಿಡವಾ," ಎಂದರು ಕಾಕು. "ಕೂಗಿದ್ದು ತಪ್ಪು."

ಕಾಕುವಿನ ಉಡಿ ಪಡೆಯುತ್ತಿದ್ದವರಲ್ಲಿ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಒಬ್ಬ ಹೆಂಗಸಿದ್ದಳು. ನಮ್ಮ ಗಲ್ಲಿಯ ಬಾಯಲ್ಲಿ ದೊಡ್ಡ ಅಂಗಡಿಯೊಂದು ಏಳುತ್ತಿದ್ದಾಗ ಅಲ್ಲೇ ಶೆಡ್ಡಿನಲ್ಲಿ ಇರುತ್ತಿದ್ದಳು, ನೀರಿಗೆ ಕಾಕುವಿನ ನಲ್ಲಿಗೆ ಬರುತ್ತಿದ್ದಳು. ಅವಳ ಕಿರಿಯ ಮಗಳು ಓದಿನಲ್ಲಿ ಭಾರಿ ಚುರುಕು. ಕಾಕುವಿನ ಕಟ್ಟೆಯ ಮೇಲೆ ಕೂತು ತೆಲುಗು ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು, ಕಾಕು ಒಳಗಿನಿಂದಲೇ "ತಿಳೀಲಿಲ್ಲ, ಕನ್ನಡದಾಗ ಹೇಳು" ಎಂದು ಕಾಡುತ್ತಿದ್ದರು. ಆ ಹುಡುಗಿ ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕದಲ್ಲಿ ಪಾಸಾದಳು. ಅಷ್ಟೊತ್ತಿಗೆ ಅವರು ಕೆಲಸ ಸಿಕ್ಕಿದಲ್ಲಿಗೆ, ಕೊಂಡಾಪುರದ ಕಡೆಗೆ ಹೋಗಿಯಾಗಿತ್ತು. ಇಂಟರ್‌ಗೆ, ಅಂದರೆ ನಮ್ಮ ಕಡೆಯ ಪಿಯುಸಿಗೆ, ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಇಲ್ಲಿಯ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಇಲ್ಲಿಯ ಕಾಗದಪತ್ರ ಬೇಕು, ಅವರದೆಲ್ಲ ಕರ್ನಾಟಕದವು. ಅಲ್ಲಿಯದು ಸಿಗಬೇಕಾದರೆ ಅವಳು ಅಲ್ಲಿ ಓದುತ್ತಿರಬೇಕು. ಎರಡು ರಾಜ್ಯದ ನಡುವೆ ಹುಡುಗಿಗೆ ಉಳಿದದ್ದು ಕಾಕುವಿನ ಉಡಿ ಒಂದೇ. ಫೀಸು ಕಟ್ಟದಿದ್ದರೆ ಊರಿಗೆ ಕಳಿಸಿ ಮದುವೆ ಮಾಡುವುದೆಂದು ಅವಳಪ್ಪ ಹೇಳಿಬಿಟ್ಟಿದ್ದ.

ಆದರೆ ಅದರ ಹಿಂದಿನ ಚಳಿಗಾಲದಲ್ಲೇ ಕಾಕಾ ತೀರಿಕೊಂಡಿದ್ದರು. ಉಡಿ ತುಂಬುವುದು ಮುತ್ತೈದೆಯರ ಕೆಲಸ. ಗಂಡ ಹೋದವರು ತುಂಬುವಂತಿಲ್ಲ.

ಕಾಕು ಅತ್ತದ್ದನ್ನು ನಾನು ನೋಡಿಲ್ಲ. ಜೂನ್ ಬಂದಾಗ ಅಮ್ಮನನ್ನು ಕರೆದರು. "ಈ ವರ್ಷ ನೀ ತುಂಬವಾ. ಅಕ್ಕಿ ನಂದು, ಕೈ ನಿಂದು." ಗಲ್ಲಿಯವರಿಗೆಲ್ಲ ಅಮ್ಮನೇ ತುಂಬಿದಳು. ಕಾಕು ಅಡುಗೆಮನೆಯಲ್ಲೇ ಇದ್ದರು. ಕೊಂಡಾಪುರದವಳು ಮಾತ್ರ ಬಂದಿರಲಿಲ್ಲ. ಅವಳು ಬಂದದ್ದು ಫೀಸಿನ ಕೊನೆಯ ದಿನದ ಹಿಂದಿನ ಮಧ್ಯಾಹ್ನ. ಅಮ್ಮ ಆಗ ಚಿಕ್ಕಮ್ಮನ ಬಾಣಂತನಕ್ಕೆಂದು ಗುಲ್ಬರ್ಗಾಕ್ಕೆ ಹೋಗಿದ್ದಳು. ಮನೆಯಲ್ಲಿ ಕಾಕು, ನಾನು. ಒಬ್ಬರಿಗೆ ಕುಂಕುಮ ಹೋಗಿತ್ತು, ಇನ್ನೊಬ್ಬಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಉಡಿ ತುಂಬುವ ಕೈ ಇರಲಿಲ್ಲ.

"ಪಕ್ಕದ ಮನೆ ತೆಲುಗು ಆಂಟಿನ್ನ ಕರೀಲೇನ್ರಿ ಕಾಕು?" ಎಂದೆ.

ಕಾಕು ತಟ್ಟೆಗೆ ಅಕ್ಕಿ ಸುರಿಯತೊಡಗಿದರು. "ಬ್ಯಾಡ. ಇಷ್ಟ್ ವರ್ಷ ನನ್ನ ಕೈಲೆ ಒಯ್ದಾಳ. ಆಕಿ ಹಂಗೆಲ್ಲ ನೋಡಾಕಿ ಅಲ್ಲ."

ಮಣೆ ಅವರೇ ಹಾಕಿದರು. ನಲ್ಲಿಯಲ್ಲಿ ಕಾಲು ತೊಳೆದು ಪಡಸಾಲೆಗೆ ಬಂದ ಹೆಂಗಸು ಮಣೆ ನೋಡಿದಳು, ಅಕ್ಕಿಯ ತಟ್ಟೆ ಹಿಡಿದು ನಿಂತ ಕಾಕುವನ್ನು ನೋಡಿದಳು, ಕಾಕುವಿನ ಬರಿ ಹಣೆ ನೋಡಿದಳು. ಕೂರಲಿಲ್ಲ. ಸೆರಗು ಭುಜದ ಮೇಲೆ ಎಳೆದುಕೊಂಡಳು.

"ತಪ್ಪ್ ತಿಳ್ಕೋಬ್ಯಾಡ್ರಿ ಅವ್ವಾರ. ಹಿರೇ ಮಗಳು ಬಸರದಾಳ. ಮೊದಲಿಂದು ಹೊಟ್ಟ್ಯಾಗ ಹೋಗೇತಿ. ಈ ಉಡಿ ಮನಿಗೆ ಒಯ್ಯಾಕ ನನಗ ಧೈರ್ಯ ಆಗವಲ್ದು."

ಕಾಕು ತಟ್ಟೆ ಕೆಳಗಿಟ್ಟರು. ಆಮೇಲೆ ಮಾಡಿದ್ದನ್ನು ಅವರು ತಮ್ಮ ಜೀವಮಾನದಲ್ಲಿ ಮಾಡಿರಲಿಲ್ಲ. ಖಣ ಬಿಚ್ಚಿ ಮಡಿಕೆಯಿಂದ ಹಣ ತೆಗೆದು, ಬರಿಗೈಯಲ್ಲಿ ಹಾಗೇ ಮುಂದೆ ಹಿಡಿದರು. "ಉಡಿ ಬ್ಯಾಡ ತಂಗಿ. ಇದನ್ನರೆ ತಗೊ. ಹುಡುಗಿ ಫೀಸಿಗೆ."

ಆ ಹೆಂಗಸು ಹಿಂದಕ್ಕೆ ಸರಿದಳು. ಮುಖ ಕೆಂಪಾಗಿತ್ತು. "ಹಂಗ ಬರೇ ರೊಕ್ಕ ಹೆಂಗ್ ತಗೋಬೇಕ್ರಿ? ನಾವು ದುಡಕೊಂಡು ತಿನ್ನೋರದೀವಿ."

ಹೊಸ್ತಿಲಿಗೆ ಕೈಮುಗಿದು ಹೊರಟೇಬಿಟ್ಟಳು. ಕಾಕು ಹಣ ಹಿಡಿದ ಕೈಯನ್ನು ಕೆಳಗಿಳಿಸಿರಲಿಲ್ಲ. "ಓಡವಾ, ಆಕಿನ್ನ ಕರ್ಕೊಂಡ್ ಬಾ. ಬಾಜೂದಾಕಿನ್ನ ನಾ ಕರೀತೀನಿ," ಎಂದರು. ನಾನು ಓಡಿದೆ. ಕೋಠಿಯ ಬಸ್‌ಸ್ಟ್ಯಾಂಡಿನಲ್ಲಿ ಆ ಹೊತ್ತಿನ ಗದ್ದಲದಲ್ಲಿ ಯಾರನ್ನು ಹುಡುಕುವುದು... ಹೊರಟ ಒಂದು ಬಸ್ಸಿನ ಕಿಟಕಿಯಲ್ಲಿ ಅವಳ ಹಸಿರು ಸೀರೆ ಕಂಡಂತಾಯಿತು. ತಿರುಗಿ ಬಂದಾಗ ಪಕ್ಕದ ಮನೆಯ ಆಂಟಿ ಕೈಕಾಲು ತೊಳೆದು, ಹಣೆಗೆ ಕುಂಕುಮ ಇಟ್ಟುಕೊಂಡು ಮಣೆಯ ಹತ್ತಿರ ಸಿದ್ಧವಾಗಿ ನಿಂತಿದ್ದರು.

ನಮ್ಮ ಬಳಿ ಇದ್ದದ್ದು ಅವರ ಮೇಸ್ತ್ರಿಯ ಫೋನ್ ನಂಬರು. ಅದು ಹತ್ತಲಿಲ್ಲ. ಸುದ್ದಿ ತಿಳಿದು ಅಮ್ಮ ಗುಲ್ಬರ್ಗಾದಿಂದ ಬೇಗನೆ ಬಂದಳು. ಅಕ್ಕಿ ಕೊಬ್ಬರಿ ಕಟ್ಟಿಕೊಂಡು ನಾವಿಬ್ಬರೂ ಕೊಂಡಾಪುರಕ್ಕೆ ಹೋಗಿ ಕಟ್ಟಡದಿಂದ ಕಟ್ಟಡಕ್ಕೆ ಕೇಳುತ್ತ ಅಲೆದೆವು. ಕೊನೆಗೆ ಸಿಕ್ಕಿದ ಜಾಗದಲ್ಲಿ ಶೆಡ್ಡು ಕಿತ್ತುಹಾಕಿದ್ದರು. ವಾಚ್‌ಮನ್ ತೆಲುಗಿನಲ್ಲಿ ಹೇಳಿದ: ಕೆಲಸ ಮುಗಿಯಿತು, ಜನ ಚದುರಿದರು, ಯಾದಗಿರಿಯವರು ಹುಡುಗಿಯನ್ನೂ ಕರೆದುಕೊಂಡು ಹೋದರು. ಎಲ್ಲಿಗೆ? ಅವನಿಗೆ ಗೊತ್ತಿಲ್ಲ.

ಅಮ್ಮ ಆ ಅಕ್ಕಿಯನ್ನು ಕಾಕುವಿನ ಡಬ್ಬಿಗೆ ತಿರುಗಿ ಸುರಿಯುವಾಗ ಕಾಕು ಆ ಹೆಂಗಸನ್ನು ಬೈಯುತ್ತಾರೇನೋ ಅಂದುಕೊಂಡಿದ್ದೆ. ಬೈಯಲಿಲ್ಲ. "ಆಕಿದೇನ್ ತಪ್ಪು. ಬಸರ ಹೆಂಗಸು ಮನ್ಯಾಗ ಇದ್ರ ನಾನರ ಒಯ್ತಿದ್ನೇನು?" ಎಂದರು. ಮತ್ತೆ, ತಮ್ಮಷ್ಟಕ್ಕೆ: "ಬಾಜೂದಾಕಿನ್ನ ಮೊದಲ ಕರೀಬೇಕಾಗಿತ್ತು ನಾ."

ಮುಂದಿನ ಜೂನಿನಲ್ಲಿ ಉಡಿ ತುಂಬಲಿಲ್ಲ. ಅಮ್ಮ ತುಂಬುತ್ತೇನೆಂದರೂ ಕಾಕು ಒಪ್ಪಲಿಲ್ಲ. "ಒಂದು ಕೈ ಇಲ್ಲಂದ್ರ ಒಂದು ಹುಡುಗಿ ಸಾಲಿ ನಿಲ್ಲಬಾರದು," ಎಂದರು. ಕೂಡಿಟ್ಟದ್ದನ್ನು ಕನ್ನಡ ಸಂಘಕ್ಕೆ ಒಪ್ಪಿಸಿ ಕಾಕಾನ ಹೆಸರಿನಲ್ಲಿ ವಿದ್ಯಾರ್ಥಿವೇತನ ಇಡಿಸಿದರು. ಮೊದಲ ಸಲ ಕೊಡುವ ದಿನ ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ವೇದಿಕೆಗೆ ಬನ್ನಿ ಎಂದು ಕರೆದರೂ ಹೋಗದೆ ಹಿಂದಿನ ಸಾಲಿನಲ್ಲಿ ಕೂತರು. ಮೈಕಿನಲ್ಲಿ ಮಕ್ಕಳ ಹೆಸರು ಓದತೊಡಗಿದಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದರು. ಪೂರ್ತಿ ಮುಗಿಯುವ ಮೊದಲೇ "ನಡಿಯವಾ, ಸೆಕಿ ಆಗಾಕತ್ತದ" ಎಂದು ಎದ್ದರು.

ನನಗೆ ಕೊಂಡಾಪುರದಲ್ಲೇ ಕೆಲಸ ಸಿಕ್ಕಿತು. ಮದುವೆಯಾಗಿ ಇಲ್ಲೇ ಮನೆ ಮಾಡಿದೆ. ಕೋಠಿಗೆ ಹೋದಾಗಲೆಲ್ಲ ಕಾಕು ಚಹಾ ಕೊಡುವ ಮೊದಲೇ ಕೇಳುತ್ತಿದ್ದರು: "ಆ ಹುಡುಗಿ ಕಂಡಳೇನ?" ಇಲ್ಲರಿ ಕಾಕು, ಎನ್ನುತ್ತಿದ್ದೆ. ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗ ಮಾತಾಡಲು ಅವರಿಗೆ ಶಕ್ತಿಯಿರಲಿಲ್ಲ. ನನ್ನ ಮುಖ ನೋಡಿದರು. ಕಂಡಳು, ಓದಿ ನೌಕರಿ ಮಾಡುತ್ತಿದ್ದಾಳೆ ಎಂದು ಒಂದು ಸುಳ್ಳು ಹೇಳಿಬಿಡೋಣ ಅನ್ನಿಸಿತು. ಆದರೆ ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ಕಣ್ಣು ಮುಚ್ಚಿಕೊಂಡರು.

ಈಗ ನನ್ನನ್ನು ಕೇಳುವವರು ಇಲ್ಲ. ನಮ್ಮ ಬಾಲ್ಕನಿಯ ಎದುರಿಗೆ ಮತ್ತೊಂದು ಕಟ್ಟಡ ಏಳುತ್ತಿದೆ. ಬೆಳಗ್ಗೆ ಬುಟ್ಟಿ ಹೊತ್ತು ಸಾಲಾಗಿ ಮೇಲೆ ಹತ್ತುವ ಹೆಂಗಸರು ನಮ್ಮ ಕಡೆಯ ಮಾತನ್ನೇ ಆಡುತ್ತಾರೆ. ಅದೇ ಹೊತ್ತಿಗೆ ಕೆಳಗೆ ರಸ್ತೆಯಲ್ಲಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗಿಯರು ಆಫೀಸಿನ ಬಸ್ಸಿಗೆ ಕಾಯುತ್ತಿರುತ್ತಾರೆ. ಅವಳಿಗೂ ಈಗ ಅವರಷ್ಟೇ ವಯಸ್ಸಾಗಿರಬೇಕು... ಮುಖ ಗುರುತು ಸಿಗುತ್ತದೋ ಇಲ್ಲವೋ. ನಾನು ಎರಡೂ ಕಡೆ ನೋಡುತ್ತೇನೆ.