ಮೂಲೆಯಲ್ಲಿ ಬಿಟ್ಟ ಜಾಗ

ಇವತ್ತು ಬೆಳಿಗ್ಗೆ ಗುಬ್ಬಿ ಊರಿನ ನಮ್ಮ ಮನೆಯಲ್ಲಿ ಅಟ್ಟ ಗುಡಿಸುವಾಗ ಸುರುಳಿ ಸುತ್ತಿದ ಡ್ರಾಯಿಂಗ್ ಶೀಟೊಂದು ಸಿಕ್ಕಿತು. ಬಿಚ್ಚುವ ಮೊದಲೇ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ ಬಂದಂತಾಯಿತು. ಇಷ್ಟು ವರ್ಷಗಳ ಮೇಲೂ ಕಾಗದದಲ್ಲಿ ವಾಸನೆ ಉಳಿದಿರುತ್ತದೆಯೇ? ನನ್ನ ಮೂಗನ್ನೂ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ; ನೀವೂ ನಂಬಬೇಡಿ.

ತುಮಕೂರಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿದ್ದ ಕಾಲದ ಹಾಳೆ ಅದು. ಕಂಪ್ಯೂಟರುಗಳು ಕಡಿಮೆ, ನಾವು ಜಾಸ್ತಿ. ಸರದಿ ಬರುವವರೆಗೆ ಅಂಗಡಿ ಬೋರ್ಡುಗಳನ್ನಾದರೂ ನೋಡಿಕೊಂಡು ಬನ್ನಿ ಎಂದು ಮೇಷ್ಟ್ರು ನಮ್ಮನ್ನು ಬೀದಿಗೆ ಅಟ್ಟುತ್ತಿದ್ದರು. ಹಾಗೆ ಶಿರಾ ಗೇಟಿನಲ್ಲಿ ಸಿಕ್ಕವರು ಬೋರ್ಡು ಬರೆಯುವ ರಹಮತ್ತುಲ್ಲಾ ಸಾಬರು. ನಾನು ಹೆಮ್ಮೆಯಿಂದ ತೋರಿಸಿದ ಪೋಸ್ಟರಿನಲ್ಲಿ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆದಿದ್ದವು.

"ಏನಮ್ಮಾ, ಮೇಲಿನ ಮನೆಯೋರ ಕಾಲು ತಂದು ಕೆಳಗಿನ ಮನೆಯೋರ ತಟ್ಟೇಲಿ ಇಕ್ಕಿದೀಯಲ್ಲ" ಎಂದರು.

ಅವರ ಕ್ರಮವೇ ಬೇರೆ. ಸುಣ್ಣದ ಪುಡಿ ಹಚ್ಚಿದ ದಾರ ಮಿಡಿದು ಗೆರೆ ಹಾಕಿದ ಮೇಲೆ ಮೊದಲು ಒತ್ತಕ್ಷರಗಳನ್ನು ಕೂರಿಸುತ್ತಿದ್ದರು; ಮೇಲಿನ ಅಕ್ಷರಗಳು ಆಮೇಲೆ. ಅದಕ್ಕೂ ಮುಂಚೆ ಬಲಗಡೆಯ ಕೆಳಮೂಲೆಯಲ್ಲಿ ಎರಡು ಬೆರಳಿನಷ್ಟು ಜಾಗ ಬಿಡುತ್ತಿದ್ದರು, ತಮ್ಮ ಹೆಸರಿಗೆ. ಆ ಹೆಸರು ನೋಡಿಕೊಂಡು ಕುಣಿಗಲ್‌ನಿಂದಲೂ ಗಿರಾಕಿಗಳು ಬರುತ್ತಿದ್ದರಂತೆ. ಕುಣಿಗಲ್ ಎಂದರೋ ಕೊತ್ತಗೆರೆ ಎಂದರೋ, ಈಗ ಖಚಿತವಿಲ್ಲ.

ಕೊನೆಯ ವರ್ಷ ಅವರ ಬೋರ್ಡುಗಳ ಅಕ್ಷರಗಳನ್ನೇ ಟ್ರೇಸ್ ಮಾಡಿ, ಇಡೀ ವರ್ಣಮಾಲೆ ಜೋಡಿಸಿ ಪ್ರದರ್ಶನಕ್ಕಿಟ್ಟೆ. ಒಳ್ಳೆಯ ಅಂಕ ಬಂತು. ಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು, ಹಾಳೆಯ ಮುಂದೆ ಬಹಳ ಹೊತ್ತು ನಿಂತಿದ್ದರು.

"ನಿನ್ ಹೆಸ್ರು ಚೆನ್ನಾಗಿ ಕೂತೈತೆ ಕಣಮ್ಮಾ" ಎಂದು ಹೇಳಿ ಹೋದರು.

ಆ ಮೆಚ್ಚುಗೆಯನ್ನು ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇನೋ. ಅವರ ಹೆಸರನ್ನೂ ಹಾಳೆಯಲ್ಲಿ ಬರೆದಿದ್ದೆ ಎಂದು ಪ್ರತಿಸಲವೂ ಸೇರಿಸುತ್ತಿದ್ದೆ.

ಹಾಳೆ ಬಿಚ್ಚಿದೆ. ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರೊಂದೇ. ಕೆಳಮೂಲೆಯಲ್ಲಿ ಅವರಿಂದ ಕಲಿತಂತೆ ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದೆ. ಅದು ಖಾಲಿ ಇತ್ತು. ಬರೆಯಲು ಮರೆತೆನೋ, ಅಂಕ ಹೋದೀತೆಂದು ಬಿಟ್ಟೆನೋ? ಮರೆತೆ ಎನ್ನಲು ಮನಸ್ಸು ತುದಿಗಾಲಲ್ಲಿ ನಿಂತಿದೆ. ಅದಕ್ಕೇ ನನಗೆ ಅನುಮಾನ.

ಅಲ್ಲೇ ಬರೆದುಬಿಡೋಣವೆಂದು ಪೆನ್ನು ತೆಗೆದೆ. ಇಷ್ಟು ದಿನ ಹೇಳಿದ ಸುಳ್ಳಿಗೆ ಈಗ ಸಾಕ್ಷಿ ಹುಟ್ಟಿಸಿದಂತಾಗುತ್ತದೆ ಅನ್ನಿಸಿ ಕೈ ಹಿಂದೆ ಬಂತು. ಹಾಳೆ, ಕುಂಚ, ಬಣ್ಣ ಚೀಲಕ್ಕೆ ಹಾಕಿಕೊಂಡು ತುಮಕೂರಿನ ಬಸ್ಸು ಹತ್ತಿದೆ.

ಸಾಬರು ಶಿರಾ ಗೇಟಿನಲ್ಲೇ ತಮ್ಮ ಮಗನ ಫ್ಲೆಕ್ಸ್ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಗುರುತು ಹೇಳಿ, ಹಾಳೆ ಬಿಚ್ಚಿ, ತಪ್ಪೊಪ್ಪಿಕೊಂಡೆ.

"ಗೊತ್ತು ಬುಡು. ಅವತ್ತೇ ನೋಡಿದ್ನಲ್ಲ" ಎಂದರು, ನಗುತ್ತಲೇ.

ಕುಂಚ ಕೊಡಹೋದರೆ ನಡುಗುವ ಬಲಗೈ ತೋರಿಸಿದರು. "ನೀನೇ ಬರಿಯಮ್ಮಾ. ಕೆಳಗಿಂದ ಶುರು ಮಾಡು."

ಮೊದಲು ಅವರ ಹೆಸರಿನ ಎರಡು ಒತ್ತಕ್ಷರ ಕೂರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಆಮೇಲೆ ಮೇಲಿನ ಅಕ್ಷರಗಳನ್ನು ತುಂಬಿ, ಪಕ್ಕದಲ್ಲಿ ಸಣ್ಣದಾಗಿ ಇವತ್ತಿನ ತಾರೀಖನ್ನೂ ಬರೆದೆ. ನಾಳೆ ನನಗೆ ನಾನೇ ಇನ್ನೊಂದು ಕಥೆ ಹೇಳಿಕೊಳ್ಳಬಾರದಲ್ಲ.