ವಾಟಿಯ ಮಡು, ಐಲಾಳ ಷರತ್ತು

ಮಟೌರಾ ಹೊಳೆಯ ದಂಡೆಯಲ್ಲಿ ಒಂದು ಕಟ್ಟಳೆಯಿದೆ. ಹಿಡಿದ ಟ್ರೌಟ್ ಮೀನಿನ ತೂಕ ಕೇಳಬಹುದು, ಹೆಂಡತಿ ಯಾಕೆ ಬಿಟ್ಟುಹೋದಳೆಂದೂ ಕೇಳಬಹುದು. ಮೀನು ಎಲ್ಲಿ ಸಿಕ್ಕಿತೆಂದು ಮಾತ್ರ ಕೇಳಬಾರದು. ಕೇಳಿದವರಿಗೆ "ನೀರಲ್ಲಿ" ಎಂಬ ಉತ್ತರ ಸಿಗುತ್ತದೆ.

ಕುರಿಗಳ ಉಣ್ಣೆ ಕತ್ತರಿಸಿ ಬೆನ್ನು ಬಗ್ಗಿಸಿಕೊಂಡಿದ್ದ ವಾಟಿ ಮೆಕರ್ಚರ್ ಈ ಕಟ್ಟಳೆಯನ್ನು ಪಾದ್ರಿಯ ಮಾತಿಗಿಂತ ಹೆಚ್ಚು ನಂಬಿದ್ದ. ಉಳಿದದ್ದನ್ನೆಲ್ಲ ಕೇಳದಿದ್ದರೂ ಹೇಳುತ್ತಿದ್ದ. ಟ್ರೌಟ್ ಮಹಾ ಸೋಮಾರಿ, ಹರಿವಿಗೆ ಮುಖಮಾಡಿ ಕಲ್ಲಿನ ಮರೆಯಲ್ಲಿ ನಿಂತು ಹುಳ ತಾನಾಗಿ ತೇಲಿಬರಲೆಂದು ಕಾಯುತ್ತದೆ. ಹಿಂದಿನಿಂದ ಹೋಗಬೇಕು, ನೆರಳು ನೀರಿಗೆ ಬೀಳಬಾರದು. ಎಲ್ಲಕ್ಕಿಂತ ಮುಖ್ಯ, ನೀರು ತಣ್ಣಗಿರಬೇಕು. "ಸರಿ ವಾಟಿ, ಆ ಕಲ್ಲು ಯಾವ ಮಡುವಲ್ಲಿದೆ?" ಎಂದರೆ ಮಾತ್ರ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಅಂಥವನು ಐಲಾ ಡನ್‌ಬಾರ್ ಎಂಬ ವಿಧವೆಯ ಮೇಲೆ ಮನಸ್ಸಿಟ್ಟ. ಮಾಂಸದಂಗಡಿ ನಡೆಸಿದ್ದ ಹೆಂಗಸು. ಅಂಗಡಿ ಮುಚ್ಚಿದ ಮೇಲೂ ಕತ್ತಿಯ ಹರಿತ ನಾಲಿಗೆಯಲ್ಲಿ ಉಳಿದಿತ್ತು. ಗಾಳ ಬೀಸುವುದರಲ್ಲೂ ಅವಳು ಅವನಿಗಿಂತ ಕಡಿಮೆಯೇನಿರಲಿಲ್ಲ. ಬೇಸಿಗೆಯ ಮೊದಲಲ್ಲಿ ವಾಟಿ ತಂದ ಮೀನನ್ನು ಅವಳು ಮನುಕಾ ಕಟ್ಟಿಗೆಯ ಹೊಗೆಯಲ್ಲಿ ಬೇಯಿಸಿದಳು. ಇಬ್ಬರೂ ಕೂತು ತಿನ್ನುವಾಗ ಅವನು ಧೈರ್ಯಮಾಡಿ ಮದುವೆಯ ಮಾತೆತ್ತಿದ.

"ಮದುವೆಗೇನೋ ಅಡ್ಡಿಯಿಲ್ಲ," ಐಲಾ ಮುಳ್ಳು ತೆಗೆಯುತ್ತಾ ಅಂದಳು. "ಇವನ್ನ ಎಲ್ಲಿ ಹಿಡೀತೀಯ, ಹೇಳು."

"ಥೂ, ಕೇಳೋ ಮಾತಾ ಅದು?"

"ಹಾಸಿಗೆ ಹಂಚ್ಕೋತೀನಿ, ಮಡು ಹಂಚ್ಕೊಳಲ್ಲ ಅನ್ನೋ ಗಂಡಸು ನನಗ್ಯಾಕಯ್ಯಾ? ಬೇಸಿಗೆ ಮುಗಿಯೋದ್ರೊಳಗೆ ಹೇಳು. ಇಲ್ಲಾಂದ್ರೆ ನಿನ್ನ ಮೀನು ನೀನೇ ಬೇಯಿಸ್ಕೊಂಡು ತಿನ್ನು."

ವಾಟಿಗೆ ಅನ್ನ ನೀರು ಸೇರಲಿಲ್ಲ. ಐಲಾಳೂ ಬೇಕು, ಮಡುವೂ ಬೇಕು. ಬೇಸಿಗೆ ಮುಗಿಯುತ್ತ ಬಂದ ಫೆಬ್ರವರಿಯ ಬಿಸಿಲಿಗೆ ಹೊಳೆ ಬೆಚ್ಚಗಾಗಿ ಮಡುವಿನಲ್ಲಿ ಒಂದು ಮೀನೂ ಕಚ್ಚದೆ ತಲೆ ಕೆಟ್ಟಿದ್ದ ದಿನ, ಅವಳ ಮುಂದೆ ಹೋಗಿ ನಿಂತು ಒಂದು ಸುಳ್ಳು ಬಿಟ್ಟ. "ಗಿಲ್‌ಕ್ರಿಸ್ಟ್‌ನ ಹಸುಗಳು ಮೇಯ್ತಾವಲ್ಲ, ಆ ಹುಲ್ಲುಗಾವಲಿನ ಹಿಂದಿನ ಕಾಲುವೆ."

"ಆ ಚರಂಡೀಲಾ?"

"ಅದಕ್ಕೇ ಯಾರಿಗೂ ಗೊತ್ತಿಲ್ಲ."

ಮಾರನೆಯ ದಿನ ಐಲಾ ಅವನ ಮನೆಗೆ ನುಗ್ಗಿ, ತನ್ನ ತೋಳಿನುದ್ದದ ಟ್ರೌಟನ್ನು ಮೇಜಿನ ಮೇಲೆ ಧೊಪ್ಪೆಂದು ಹಾಕಿದಳು. ವಾಟಿ ಜನ್ಮದಲ್ಲಿ ಅಷ್ಟು ದೊಡ್ಡದನ್ನು ಹಿಡಿದವನಲ್ಲ.

"ನಿಜ ಹೇಳಿದ್ಯಲ್ಲೋ ಮಾರಾಯ! ನಾನು ನಂಬಿರ್ಲಿಲ್ಲ," ಎಂದಳು. "ಮೇಲುಗಡೆ ಒರತೆ ಇದೆ, ನೀರು ಕಾಲು ಕೊರೆಯುತ್ತೆ. ಇವೆಲ್ಲ ಹೊಳೆ ಬಿಟ್ಟು ಅಲ್ಲಿಗೇ ಬಂದು ಕೂತಿದಾವೆ."

ದೀಪದ ಬುಡದಲ್ಲಿ ಕತ್ತಲೆ. ತಣ್ಣೀರಿನ ಪಾಠವನ್ನು ಊರಿಗೆಲ್ಲ ಹೇಳಿದವನಿಗೆ ಆ ಒರತೆಯ ನೆನಪೇ ಬಂದಿರಲಿಲ್ಲ.

"ಇಂಥ ಜಾಗ ಬಿಟ್ಟುಕೊಟ್ಟೋನು ನನ್ನಿಂದ ಇನ್ನೇನು ಮುಚ್ಚಿಡ್ತಾನೆ?" ಎನ್ನುವಾಗ ಐಲಾಳ ಕಣ್ಣು ತುಂಬಿತ್ತು.

ಸುಮ್ಮನಿದ್ದರೆ ಹೆಂಡತಿಯೂ ಸಿಗುತ್ತಿದ್ದಳು, ಮಡುವೂ ಉಳಿಯುತ್ತಿತ್ತು. ಆದರೆ ಆ ಕಣ್ಣೀರು ನೋಡಿ ವಾಟಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಸುಳ್ಳು ಹೇಳಿದ್ದೆ ಐಲಾ. ಅಲ್ಲಿ ಮೀನಿಲ್ಲ ಅಂತಲೇ ಕಳಿಸಿದ್ದೆ. ನನ್ನ ಮಡು ಹಳೇ ಗಿರಣಿ ಹಿಂದೆ, ವಿಲೋ ಮರದ ಬೇರಿನಡಿ."

ಐಲಾ ಮೀನನ್ನು ಕಾಗದದಲ್ಲಿ ಸುತ್ತಿ ಕಂಕುಳಿಗೆ ಇರುಕಿಕೊಂಡು ಬಾಗಿಲವರೆಗೆ ಹೋದಳು. ಐಲಾಳೂ ಹೋದಳು, ಮಡುವೂ ಹೋಯಿತೆಂದು ವಾಟಿ ಕುರ್ಚಿಯಲ್ಲಿ ಕುಸಿದ.

"ಪಾದ್ರಿ ಹತ್ರ ನಾನೇ ಮಾತಾಡ್ತೀನಿ," ಅವಳು ತಿರುಗಿ ಹೇಳಿದಳು. "ಗಿರಣಿ ಮಡು ಇನ್ಮೇಲೆ ನಮ್ಮಿಬ್ಬರದು."

ವಾಟಿಗೆ ಹೋದ ಜೀವ ಬಂತು. "ಮತ್ತೆ ಆ ಕಾಲುವೆ?"

"ಅದು ನಂದು. ಅಲ್ಲಿ ಮೀನಿಲ್ಲ ಅಂತ ನೀನೇ ತಾನೆ ಅಂದಿದ್ದು?"