ನಮ್ಮಿಂದ ನಿಮಗೇನು ಬೇಕು?

ಹಳೇಬೀಡಿನ ಗೋಡೆಯ ಕಲ್ಲಾನೆಗಳನ್ನು ಸವರುತ್ತಾ ಬೆಳೆದವಳು ನಾನು. ಹಳೆಯ ಕಲ್ಲುಕಟ್ಟಡ ಉಳಿಸುವ ವಿದ್ಯೆ ಕಲಿಯಲು ಜರ್ಮನಿಗೆ ಹೋದೆ. ಎಂ.ಎಸ್ಸಿ. ಮುಗಿಸಿ ಅರಸೀಕೆರೆಯ ಮನೆಗೆ ಬಂದಿದ್ದಾಗ ಜರ್ಮನಿಯ ಒಂದು ಕಂಪನಿ ಆನ್‌ಲೈನ್ ಸಂದರ್ಶನಕ್ಕೆ ಕರೆಯಿತು. ಈ ಕೆಲಸ ಸಿಗದಿದ್ದರೆ ವೀಸಾ ಮುಗಿದು, ಕಲಿತದ್ದೆಲ್ಲ ಅಟ್ಟ ಸೇರುವುದೇ.

ಅಮ್ಮ ತಾನು ದುಡಿಯುವ ಕೊಬ್ಬರಿ ಮಂಡಿಗೆ ರಜೆ ಹಾಕಿ ಬಾಗಿಲ ಹಿಂದೆ ಕೂತಳು. ಇಂಗ್ಲಿಷ್ ಅವಳಿಗೆ ತಕ್ಕಮಟ್ಟಿಗೆ ಅರ್ಥವಾಗುತ್ತದೆ.

ಕಲ್ಲು, ಗಾರೆ ಎಂದರೆ ನನ್ನ ಬಾಯಿ ನಿಲ್ಲುವುದಿಲ್ಲ. ಸಂದರ್ಶನ ಸೊಗಸಾಗಿ ಸಾಗಿತು. ಕೊನೆಗೆ ಸಂದರ್ಶನ ಮಾಡುತ್ತಿದ್ದ ಹೆಂಗಸು ಕೇಳಿದರು: "ನಮ್ಮಿಂದ ನಿಮಗೇನು ಬೇಕು?"

ಅಯ್ಯೋ, ಜರ್ಮನಿಯ ಹಾಸ್ಟೆಲಿನ ಅಡುಗೆಮನೆಯಲ್ಲಿ ನೇಪಾಳದವಳು, ನೈಜೀರಿಯಾದವಳು, ನಾನು ಸೇರಿದರೆ ಇದೇ ಮಾತು! ವೀಸಾ ಕಾಗದ ಮಾಡಿಸಿಕೊಡುವ, ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸುವ, ಊರಿಗೆ ಹೋಗಲು ಒಟ್ಟಿಗೆ ಒಂದು ತಿಂಗಳು ರಜೆ ಕೊಡುವ ಧಣಿ ಸಿಗಬೇಕು. ಆದರೆ ನನ್ನ ಬಾಯಿಂದ ಬಂದದ್ದು, "ಏನಿಲ್ಲ, ಕೆಲಸ ಕೊಟ್ಟರೆ ಸಾಕು."

ನಮ್ಮ ಕಡೆ ಕಾಫಿ ಕೊಡಲೇ ಎಂದರೂ ಮೊದಲು ಬೇಡ ಎನ್ನುತ್ತೇವೆ. ಅವರು ಮತ್ತೆ ಒತ್ತಾಯಿಸಬೇಕು, ಆಮೇಲೆ ಅರ್ಧ ಲೋಟ ಸಾಕು ಎನ್ನಬೇಕು. ಈಕೆಯೂ ಇನ್ನೊಮ್ಮೆ ಕೇಳಲಿ ಎಂದು ಕಾದೆ. ಆಕೆ "ಸರಿ, ಧನ್ಯವಾದ" ಎಂದು ಮೌಸಿನತ್ತ ಕೈ ಚಾಚಿದರು.

"ಒಂದು ನಿಮಿಷ!" ಎಂದು ಕಿರುಚಿಯೇಬಿಟ್ಟೆ. ಮೂರನ್ನೂ ಒಂದೇ ಉಸಿರಿಗೆ ಹೇಳಿದೆ. ಆಕೆ ನಕ್ಕು, "ಹೇಳಿದರೆ ತಾನೇ ನಮಗೆ ಗೊತ್ತಾಗುವುದು," ಎಂದು ಬರೆದುಕೊಂಡರು.

ಕರೆ ಮುಗಿಯುತ್ತಲೇ ಅಮ್ಮ ಗದರಿದಳು. "ಕೆಲ್ಸಾನೇ ಕೊಟ್ಟಿಲ್ಲ, ಅಷ್ಟೊಂದು ಕೇಳ್ತಾರೇನೇ? ಬ್ಯಾಡ ಅಂದ್ಬುಟ್ರೆ?" ಆ ರಾತ್ರಿ ನಾನು ಹತ್ತು ಸಲ ಮೇಲ್ ತೆರೆದು ನೋಡಿದೆ.

ಮರುದಿನ ಸಂಜೆ ಮೇಲ್ ಬಂತು. ಕೆಲಸ ನನ್ನದು! ವೀಸಾ ಕಾಗದ ಅವರೇ ಮಾಡಿಸುತ್ತಾರೆ, ಕಲಿಸಲು ಒಬ್ಬರಿದ್ದಾರೆ, ಒಟ್ಟಿಗೆ ಕೊಡುವ ರಜೆ ಮಾತ್ರ ಮೂರೇ ವಾರ. ಮೂರು ವಾರವೇನು ಕಡಿಮೆಯೇ? ಕುಣಿಯುತ್ತಾ ಬಾಗಿಲಿಗೆ ಓಡಿದೆ. ಮಂಡಿಯಿಂದ ಬಂದ ಅಮ್ಮ ಗೇಟಿನಲ್ಲೇ ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು.

"ನಾನೂ ಇವತ್ತು ಸಾವ್ಕಾರ್ರನ್ನ ಕೇಳೇಬುಟ್ಟೆ ಕಣೇ!"

"ಏನ್ ಕೇಳ್ದೆ?"

"ಮಂಡೀಲಿ ಹೆಂಗಸ್ರಿಗೊಂದು ಟಾಯ್ಲೆಟ್ ಕಟ್ಟಿಸ್ಕೊಡಿ ಅಂತ. ನಾಳೆನೇ ಗಾರೆ ಕೆಲ್ಸದೋರನ್ನ ಕರಸ್ತೀನಿ ಅಂದ್ರು!"

ಇಬ್ಬರೂ ಗೇಟು ಹಿಡಿದು ನಕ್ಕಿದ್ದೇ ನಕ್ಕಿದ್ದು. ನಾನು ಚಿಕ್ಕವಳಿದ್ದಾಗಿನಿಂದ ದಿನಾ ಸಂಜೆ ಅಮ್ಮ ಯಾರನ್ನೂ ಮಾತಾಡಿಸದೆ, ಚಪ್ಪಲಿಯನ್ನೂ ಬಿಡದೆ ನೇರ ಹಿತ್ತಿಲ ಬಚ್ಚಲಿಗೆ ಓಡುತ್ತಿದ್ದಳು. ಯಾಕಮ್ಮಾ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.